ಜಂಟಿ ನೋವು

ಮದುವೆ ನೋಂದಣಿಯಾದ ದಿನವೇ ಗಂಡ ಹೆಂಡತಿಯ ನೋವುಗಳನ್ನು ಜೋಡಿಸಬೇಕೆಂಬುದು ಕಾನೂನು. ಒಬ್ಬರಿಗೆ ಹಲ್ಲುನೋವು ಬಂದರೆ ಇಬ್ಬರಿಗೂ ನೋಯುತ್ತಿತ್ತು. ಹಾಗಾಗಿ ನೀಲಗಂಗಾ, ಗುರುಪಾದ ಹದಿನಾರು ವರ್ಷ ಒಬ್ಬರನ್ನೊಬ್ಬರು ಏನಾಯಿತೆಂದು ಕೇಳಿರಲೇ ಇಲ್ಲ. ಬರಬರುತ್ತಾ ಬೇರೆ ಮಾತೂ ನಿಂತುಹೋಯಿತು. ಕೊನೆಗೆ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು.

ಧಾರವಾಡದ ಕೌಟುಂಬಿಕ ನ್ಯಾಯಾಲಯದಲ್ಲಿ ಆದೇಶವಾದ ಮೇಲೆ ಅವರನ್ನು ಮೂರನೆಯ ಕೌಂಟರಿಗೆ ಕಳಿಸಿದರು.

"ಇಲ್ಲಿ ಸಹಿ ಮಾಡ್ರಿ. ಈ ಗಾಜಿನ ಮ್ಯಾಲೆ ಇಬ್ರೂ ಕೈ ಇಡ್ರಿ," ಎಂದು ಹೇಳಿ ಕ್ಲಾರ್ಕ್ ಹೆಂಗಸು ಗುಂಡಿ ಒತ್ತಿದಳು.

ಬೆಳಗಿನಿಂದ ಕಾಡುತ್ತಿದ್ದ ಮೊಣಕಾಲು ನೋವು ನೀಲಗಂಗಾಳಿಗೆ ತಟ್ಟನೆ ಇಲ್ಲವಾಯಿತು. ಅದು ಗುರುಪಾದನ ನೋವು.

ಹಗುರಾಗಿ ಮೆಟ್ಟಿಲಿಳಿದವಳು ತಿರುಗಿ ನೋಡಿದಳು. ಅವನು ಕಂಬಿ ಹಿಡಿದು, ಮುಖ ಕಿವುಚಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಎಷ್ಟು ನೋಯುತ್ತಿದೆಯೆಂದು ಅವಳಿಗೆ ತಿಳಿಯಲಿಲ್ಲ.

"ಭಾಳ ನೋಯಾಕತ್ತೈತೇನ್ರಿ?" ಎಂದು ಕೇಳಿದಳು.

ಗುರುಪಾದ ನಿಂತ. ನೋವನ್ನು ಬಾಯಿಬಿಟ್ಟು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಎಲ್ಲಿಂದ ಶುರುಮಾಡುವುದೋ ತೋಚದೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

"ಹೂಂ," ಎಂದ. "ಕೂಡು, ಹೇಳತೀನಿ."

ನೀಲಗಂಗಾ ಅವನ ಪಕ್ಕ ಕೂತಳು.