ಹರತಾಳದ ದಿನದ ಗಿರಾಕಿ

ಮಧ್ಯಾಹ್ನದ ಊಟದ ಗದ್ದಲದ ನಡುವೆ ಹೋಟೆಲಿನ ಯಜಮಾನ ಪಿಯುಸ್ಸರ ಫೋನು ಟಿಣ್ ಎಂದಿತು. ಕ್ಯಾಶಿನಲ್ಲಿ ಕೂತಿದ್ದವರು ಕನ್ನಡಕ ಏರಿಸಿ ಓದಿದರು: ‘ಊಟ ಲಾಯ್ಕ ಉಂಟು. ಆದರೆ ಅಡುಗೆಮನೆಯ ಹೆಂಗಸಿಗೆ ಯಜಮಾನರು ಬೈಯುವುದು ಕೇಳಿದರೆ ಅನ್ನ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.’

ಅಡುಗೆಮನೆಯ ಹೆಂಗಸು ಎಂದರೆ ಅವರ ಹೆಂಡತಿ ರೋಸ್ಮೇರಿ. ಆಕೆಯ ಬಂಗುಡೆ ಮೀನಿನ ಗಸಿಗಾಗಿ ಹೊಸಂಗಡಿಯಲ್ಲಿ ಬಸ್ಸು ತಪ್ಪಿಸಿಕೊಂಡವರಿದ್ದಾರೆ; ಪಿಯುಸ್ಸರ ಬಾಯಿಗೆ ಹೆದರಿ ಅರ್ಧ ಊಟ ಬಿಟ್ಟು ಬಸ್ಸು ಹತ್ತಿದವರೂ ಇದ್ದಾರೆ. ‘ನಾನು ಯಾವಾಗ ಬೈದದ್ದು?’ ಎಂದು ಪಿಯುಸ್ ಫೋನಿಗೇ ಗದರಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಈ ಕೆಲಸವೆಲ್ಲ ಮಗಳು ರೆಶ್ಮಾಳದ್ದು. ಮಂಗಳೂರಿನಲ್ಲಿ ಕಂಪ್ಯೂಟರ್ ಕಲಿಯುವ ಹುಡುಗಿ ಹೋಟೆಲಿಗೊಂದು ವೆಬ್‌ಸೈಟ್ ಮಾಡಿ, ಗಿರಾಕಿಗಳು ಅಭಿಪ್ರಾಯ ಬರೆಯಲಿ ಎಂದು ಮೇಜು ಮೇಜಿಗೂ ಕ್ಯೂಆರ್ ಕೋಡ್ ಅಂಟಿಸಿದ್ದಳು. ಸಂಜೆ ಅವಳು ಬಸ್ಸಿಳಿಯುವುದೇ ತಡ, ಬರೆದವನ ಹೆಸರು ಈಗಲೇ ತೆಗೆದುಕೊಡು ಎಂದು ಪಿಯುಸ್ ಹಟ ಹಿಡಿದರು. ಅವಳು ಪರದೆಯ ಮೇಲಿದ್ದ ಸಣ್ಣ ಬೀಗದ ಗುರುತು ತೋರಿಸಿದಳು. ಬರೆದದ್ದು ಗುಟ್ಟಿನ ಲಿಪಿಯಾಗಿ ಬರುತ್ತದೆ, ದಾರಿಯಲ್ಲಿ ಯಾರೂ ಓದಲಾರರು. ಇದು ನಮ್ಮದೇ ಸೈಟು ಎಂದು ಬರೆಯುವವರಿಗೆ ಖಾತ್ರಿ ಇರುತ್ತದೆ. ಅವರ ಹೆಸರು, ನಂಬರು ಮಾತ್ರ ನಾವು ಕೇಳುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ ಎಂದಳು.

‘ನಾನು ಯಾರೆಂದು ಅವನಿಗೆ ಗೊತ್ತು. ಅವನು ಯಾರೆಂದು ನನಗೆ ಗೊತ್ತಿಲ್ಲ. ಇದು ಎಂತ ನ್ಯಾಯ?’

‘ಹೆಸರು ಕೇಳಿದರೆ ಯಾರು ಸತ್ಯ ಬರೆಯುತ್ತಾರೆ ಪಪ್ಪಾ?’

ಮಗಳು ಕೈಬಿಟ್ಟಳು, ಪಿಯುಸ್ ತಾವೇ ಪತ್ತೇದಾರಿಕೆಗೆ ಇಳಿದರು. ಮೊದಲ ಗುಮಾನಿ ಬಸ್ ಕಂಡಕ್ಟರ್ ಕೂಸಪ್ಪನ ಮೇಲೆ. ಅವನ ತಟ್ಟೆಗೆ ಒಂದು ಬಂಗುಡೆ ಪುಕ್ಕಟೆ ಹಾಕಿ, ನಿನ್ನ ಫೋನು ಒಮ್ಮೆ ನೋಡುವ ಎಂದರು. ಕೂಸಪ್ಪ ಕಿಸೆಯಿಂದ ತೆಗೆದದ್ದು ಬಟನ್ ಫೋನು, ಅದಕ್ಕೂ ರಬ್ಬರ್ ಬ್ಯಾಂಡು. ಬಂಗುಡೆ ದಂಡವಾಯಿತು. ಆಮೇಲೆ ಪ್ರೇಮನಾಥ ಮಾಸ್ಟ್ರು, ಆಮೇಲೆ ಬ್ಯಾಂಕಿನವರು. ಫೋನು ಹಿಡಿದ ಪ್ರತಿ ಗಿರಾಕಿಯೂ ಅವರಿಗೆ ಅವನೇ ಎಂದು ಕಂಡ. ಯಾರೆಂದು ಗೊತ್ತಿಲ್ಲದ ಮೇಲೆ ಎಲ್ಲರ ಮುಂದೆಯೂ ನಾಲಿಗೆ ಬಿಗಿ ಹಿಡಿಯಬೇಕಲ್ಲ! ‘ಗಸಿ ತರಲಿಕ್ಕೆ ಮಂಜೇಶ್ವರಕ್ಕೆ ಹೋಗಿದ್ದೀಯಾ?’ ಎಂದು ಅಬ್ಬರಿಸುತ್ತಿದ್ದವರು ‘ರೋಸಿ, ಸ್ವಲ್ಪ ಗಸಿ’ ಎನ್ನತೊಡಗಿದರು. ಪಿಯುಸ್ ಪೊರ್ಬುಗಳಿಗೆ ಹುಷಾರಿಲ್ಲವೋ ಎಂದು ಕೂಸಪ್ಪ ವಿಚಾರಿಸಿದ.

ವಾರ ಕಳೆದಾಗ ಇನ್ನೊಂದು ಬಂತು: ‘ಈಗ ಪರವಾಗಿಲ್ಲ. ಊಟ ರುಚಿಸುತ್ತದೆ.’ ಪಿಯುಸ್ ಬಹುಮಾನ ಬಂದವರಂತೆ ಹಿಗ್ಗಿ ಅಡುಗೆಮನೆಗೇ ಹೋಗಿ ಓದಿ ಹೇಳಿದರು. ಮೀನು ಕೊಯ್ಯುತ್ತಿದ್ದ ರೋಸ್ಮೇರಿ ತಲೆಯೆತ್ತದೆ ‘ಹೌದಾ’ ಎಂದಳು.

ಅಷ್ಟರಲ್ಲಿ ಒಂದು ಹರತಾಳ ಬಿತ್ತು. ಬಸ್ಸಿರುವುದಿಲ್ಲವೆಂದು ರೆಶ್ಮಾ ಮಂಗಳೂರಿನಲ್ಲಿ ಗೆಳತಿಯ ಮನೆಯಲ್ಲೇ ಉಳಿದಳು. ಹೋಟೆಲಿನ ಶಟರ್ ಎಳೆದು, ಹಿಂದಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕೇಳುವ ಗಿರಾಕಿ ಇಲ್ಲ ಎಂದಾದದ್ದೇ ಪಿಯುಸ್ಸರ ನಾಲಿಗೆಗೂ ರಜೆ ಸಿಕ್ಕಿತು. ಕಾಫಿಗೆ ಸಕ್ಕರೆ ಕಡಿಮೆ ಎಂದು ಶುರುವಾದದ್ದು ರೋಸ್ಮೇರಿಯ ತವರಿನವರೆಗೂ ಹೋಗಿ ಬಂತು. ವಾರವಿಡೀ ಕಟ್ಟಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಿತ್ತು. ಆಕೆ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಫೋನು ಟಿಣ್ ಎಂದಿತು. ‘ಇವತ್ತು ಪುನಃ ಬೈದರು.’

ಯಾರು ಮಾರಾಯ ಇವನು ಎಂದು ಪಿಯುಸ್ ಎದ್ದೇ ನಿಂತರು. ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಜೀವವಿಲ್ಲ. ಶಟರ್ ಹಾಕಿದೆ. ಮತ್ತೆ ಕೇಳಿದವರು ಯಾರು? ಹಿತ್ತಿಲಿನ ಬಾಗಿಲಿಗೆ ಬಂದರು. ರೋಸ್ಮೇರಿ ಫೋನನ್ನು ನೈಟಿಯ ಕಿಸೆಗೆ ಹಾಕಿ, ಅವರದೇ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು.

ಪಿಯುಸ್ ಸದ್ದಿಲ್ಲದೆ ಒಳಗೆ ಮರಳಿ ಕೂತರು. ಕೋಪ ಬರುತ್ತದೆ ಎಂದು ಕಾದರು, ಬರಲಿಲ್ಲ. ನಾಚಿಕೆಯಾಯಿತು. ಬೀಗ, ಗುಟ್ಟಿನ ಲಿಪಿ ಎಲ್ಲ ಇರುವುದು ದೂರದ ಕಳ್ಳರ ಹೆದರಿಕೆಗೆ ಎಂದುಕೊಂಡಿದ್ದರು. ಒಂದು ಗೋಡೆಯ ಆಚೆ ಇರುವವಳು ಒಂದು ಮಾತು ಹೇಳಲಿಕ್ಕೆ ತನಗೆ ಇಷ್ಟು ಹೆದರಿದಳಲ್ಲ. ಲೋಟದಲ್ಲಿ ಉಳಿದಿದ್ದ ತಣ್ಣಗಿನ ಕಾಫಿ ಕುಡಿದರು. ಆಮೇಲೆ ಹೋಟೆಲಿನೊಳಗೆ ಹೋಗಿ, ಖಾಲಿ ಮೇಜಿನೆದುರು ಗಿರಾಕಿಯ ಹಾಗೆ ಕೂತು, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಏನೋ ಒತ್ತಿದರು.

ಮರುದಿನ ಸಂಜೆ ರೆಶ್ಮಾ ಬಂದವಳೇ ಎಂದಿನಂತೆ ಬಂದದ್ದನ್ನೆಲ್ಲ ಓದಲು ಕೂತಳು. ನಿನ್ನೆ ಎರಡು ಬಂದಿವೆ ಎಂದು ಮೊದಲನೆಯದನ್ನು ಓದಿ ತಂದೆಯ ಮುಖ ನೋಡಿದಳು. ಅವರು ಮೇಜು ಒರೆಸುತ್ತಿದ್ದರು. ಎರಡನೆಯದನ್ನು ಓದಿದಳು: ‘ಕಾಫಿಗೆ ಸಕ್ಕರೆ ಸರಿ ಇತ್ತು. ಬೈದದ್ದು ತಪ್ಪು. ಇನ್ನು ಬೈಯುವುದಿಲ್ಲ.’

‘ನಿನ್ನೆ ಹರತಾಳ ಅಲ್ವಾ ಮಮ್ಮಿ? ಬಾಗಿಲೇ ತೆಗೆಯದ ಹೋಟೆಲಿನಲ್ಲಿ ಕಾಫಿ ಕುಡಿದದ್ದು ಯಾರು?’

ರೋಸ್ಮೇರಿ ಒಳಗಿನಿಂದ ಬಿಸಿ ಕಾಫಿ ತಂದು ಗಂಡನ ಮುಂದಿಟ್ಟಳು.

‘ಯಾರೋ ಗಿರಾಕಿ,’ ಎಂದಳು. ‘ಹೆಸರು ಕೇಳಬಾರದು ಎಂದು ನೀನೇ ಹೇಳಿದ್ದಲ್ವಾ?’