ಅತಿಥಿಯ ಕಂದನಕಾಯಿ

ಮಣ್ಣುರಸ್ತೆಯ ತಿರುವಿನಲ್ಲಿ ದಾನಿ ಸಂಸ್ಥೆಯ ಬಿಳಿ ಜೀಪು ಕಂಡದ್ದೇ ತಡ, ಶಾಲೆಯ ಅಡುಗೆಯವಳು ಖಸೋವಾ ಅಂಗಳದಲ್ಲಿ ಕೆದಕುತ್ತಿದ್ದ ಕಂದು ಹೇಂಟೆಯನ್ನು ಬಾಚಿ ಕಂಕುಳಲ್ಲಿ ಅವುಚಿಕೊಂಡು ಒಂದನೇ ತರಗತಿಗೆ ನುಗ್ಗಿದಳು. ಅದನ್ನು ಮೂಲೆಯಲ್ಲಿ ಕೂರಿಸಿ, ಮೇಲೆ ಬುಟ್ಟಿ ಕವುಚಿದಳು. "ಯಾರಾದ್ರೂ ಬಾಯಿ ಬಿಟ್ಟೀರಾ, ನಾಳೆಯಿಂದ ಗಂಜಿ ಇಲ್ಲ!" ಎಂದು ಮಕ್ಕಳ ಕಡೆ ಕಣ್ಣು ಬಿಟ್ಟಳು.

ಹೆಡ್‌ಮಾಸ್ಟರ್ ಅಂದಾಂಜೆ ಬಾಗಿಲಲ್ಲೇ ನಿಂತಿದ್ದರು. "ಏನೇ ಇದು? ನೈರೋಬಿಯಿಂದ ಗಿಚೂಕಿ ಸಾರ್ ಬರ್ತಿದಾರೆ, ನೀನು ಕೋಳಿ ಬಚ್ಚಿಡ್ತಿದೀಯ!"

"ಉಳಿದಿರೋದು ಇದೊಂದೇ ಮೇಷ್ಟ್ರೇ. ಇದೂ ಹೋದ್ರೆ ಮಕ್ಕಳಿಗೆ ಮೊಟ್ಟೆ ಅನ್ನೋದು ಕನಸೇ. ಅವರಿಗೆ ಅಲಸಂದೆ ಬೇಯಿಸ್ತೀನಿ, ಉಂಡು ಹೋಗ್ಲಿ."

"ಬಂದೋರಿಗೆ ಅಲಸಂದೆನಾ! ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾನೆ."

"ಬರ್ಲಿ ಬಿಡಿ. ಅವನಿಗೂ ಅಲಸಂದೇನೇ ಹಾಕ್ತೀನಿ."

ಬಡಮಕ್ಕಳು ಮೊಟ್ಟೆ ತಿಂದು ಗಟ್ಟಿಯಾಗಲಿ ಎಂದು ಸಂಸ್ಥೆಯವರು ಶಾಲೆಗೆ ಕೋಳಿಗಳ ಹಿಂಡನ್ನೇ ದಾನ ಕೊಟ್ಟಿದ್ದರು. ಕೊಟ್ಟಮೇಲೆ ವಿಚಾರಿಸಿಕೊಳ್ಳಬೇಕಲ್ಲ? ಎಣಿಸಲು ಒಬ್ಬರು ಬಂದರು, ಗೂಡು ಅಳೆಯಲು ಒಬ್ಬರು, ಫೋಟೊ ತೆಗೆಯಲು ಒಬ್ಬರು, ಫೋಟೊ ಚೆನ್ನಾಗಿ ಬರಲಿಲ್ಲವೆಂದು ಇನ್ನೊಬ್ಬರು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಜನವಲ್ಲ ಇವರು. ಅತಿಥಿಗೆ ಕೋಳಿ ಕುಯ್ಯಬೇಕು. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಆ ಗಟ್ಟಿ ಕಂದನಕಾಯಿ ಇಡಿಯಾಗಿ ಅವನ ತಟ್ಟೆಗೇ ಬೀಳಬೇಕು. ಅದು ಬೀಳಲಿಲ್ಲವೆಂದರೆ ಎದ್ದು ಹೋಗು ಎಂದ ಹಾಗೆ. ಹೀಗೆ, ಯಾವ ರೋಗವೂ ಮುಟ್ಟದ ಕೋಳಿಗಳನ್ನು ಊರಿನ ಮರ್ಯಾದೆಯೇ ಮುಗಿಸಿತ್ತು.

ಗಿಚೂಕಿ ಒಬ್ಬನೇ ಬಂದಿದ್ದ. ಒಳ್ಳೆಯ ಮನುಷ್ಯ, ಮಕ್ಕಳನ್ನು ಕಂಡರೆ ನಿಜವಾಗಿಯೂ ಪ್ರೀತಿ. ಖಾಲಿ ಗೂಡಿನೊಳಗೆ ತಲೆ ಹಾಕಿದವನ ಮುಖ ಕಪ್ಪಿಟ್ಟಿತು.

"ಮೇಷ್ಟ್ರೇ, ಕೋಳಿಗಳೆಲ್ಲಿ?"

"ಹೋದವು ಸಾರ್."

"ರೋಗ ಬಂತಾ?"

"ರೋಗ ಅಂತ ಹೇಳಕ್ಕಾಗಲ್ಲ."

"ಹಾಗಾದ್ರೆ ಕಳ್ಳರು."

"ಛೆ ಛೆ! ಅಂಥಾ ಮಾತು ಆಡ್ಬೇಡಿ ಸಾರ್!" ಅಂದಾಂಜೆ ಹೌಹಾರಿದರು. ಉಣ್ಣಿಸಿದ್ದನ್ನು ಉಂಡವರ ಮುಂದೆ ಎತ್ತಿ ಆಡುವುದುಂಟೇ? ಅದಕ್ಕಿಂತ ಕಳ್ಳನೆಂಬ ಹೆಸರನ್ನು ತಾವೇ ಹೊತ್ತುಕೊಂಡಾರು.

ಅಷ್ಟರಲ್ಲಿ ಒಂದನೇ ತರಗತಿಯಿಂದ ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಶುರುವಾಯಿತು. ಮಕ್ಕಳು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ ಪಾಪ. ತುಟಿ ಬಿಗಿದುಕೊಂಡು ಸೂರು ನೋಡುತ್ತ ಕೂತಿದ್ದರು. ಹೇಂಟೆ ಬುಟ್ಟಿಯೊಳಗೆ ಮೊಟ್ಟೆಯಿಟ್ಟಿತ್ತು, ಆ ಸಂಭ್ರಮವನ್ನು ಅದು ಮುಚ್ಚಿಟ್ಟುಕೊಳ್ಳಲಾರದೆ ಹೋಯಿತು.

"ಅಬ್ಬಾ, ಒಂದಾದ್ರೂ ಇದೆಯಲ್ಲ!" ಗಿಚೂಕಿಯ ಮುಖ ಅರಳಿತು.

ಅಂದಾಂಜೆ ದಿಕ್ಕು ತೋಚದೆ ಒಬ್ಬರೇ ತರಗತಿಯೊಳಗೆ ಹೋದರು. ಅತಿಥಿಯ ಕಿವಿಗೆ ಕೋಳಿಯ ದನಿ ಬಿದ್ದಮೇಲೆ ತಟ್ಟೆಗೆ ಅಲಸಂದೆ ಬೀಳುವ ಹಾಗಿಲ್ಲ. ಖಸೋವಾ ಬುಟ್ಟಿಯ ಮೇಲೆ ಕೈಯಿಟ್ಟು ಅವರನ್ನೇ ನೋಡುತ್ತಿದ್ದಳು. ಅವರಿಗೆ ಮಕ್ಕಳ ಮುಖ ನೋಡಲಾಗಲಿಲ್ಲ. "ನೀರು ಕಾಯಕ್ಕಿಡು" ಎಂದಷ್ಟೇ ಹೇಳಿ ಹೊರಗೆ ಹೋಗಿಬಿಟ್ಟರು.

ಮಧ್ಯಾಹ್ನ ಜೋಳದ ಮುದ್ದೆಯ ಪಕ್ಕ ಹಬೆಯಾಡುವ ಸಾರು ಬಂತು. "ಅಯ್ಯೋ, ಇದೆಲ್ಲ ಯಾಕೆ ಬೇಕಿತ್ತು?" ಎಂದು ಗಿಚೂಕಿ ಪ್ರತಿ ಸಲದಂತೆ ಈ ಸಲವೂ ಅಂದ. ಆಮೇಲೆ ಕಂದನಕಾಯಿಯನ್ನು ದವಡೆಗೆ ಹಾಕಿಕೊಂಡು ಅಗಿಯುತ್ತ ಕಾಳಜಿಯಿಂದ ಹೇಳಿದ, "ಆ ಹೇಂಟೆನಾದ್ರೂ ಜೋಪಾನ ಮಾಡಿ ಮೇಷ್ಟ್ರೇ. ಒಳ್ಳೇ ತಳಿ ಅದು."

"ಆಯ್ತು ಸಾರ್," ಎಂದರು ಅಂದಾಂಜೆ, ಇನ್ನೊಂದು ಸೌಟು ಸಾರು ಬಡಿಸುತ್ತ.

"ತಪ್ಪು ನಮ್ಮದೂ ಇದೆ. ಕೋಳಿ ಕೊಟ್ಟು ಕೈ ತೊಳಕೊಂಡ್ವಿ, ಸರಿಯಾಗಿ ಬಂದು ನೋಡ್ಲಿಲ್ಲ. ಮುಂದಿನ ತಿಂಗಳು ಹೊಸ ಕೋಳಿ ಕಳಿಸ್ತೀವಿ. ಈ ಸಲ ಮಾತ್ರ ಉಸ್ತುವಾರಿ ಬಿಗಿ. ವಾರವಾರವೂ ಇಬ್ಬಿಬ್ಬರು ಬಂದು ನೋಡ್ಕೊಂಡು ಹೋಗ್ತಾರೆ."

ಅಂದಾಂಜೆ ಕೈಮುಗಿದು, "ಬರ್ಲಿ ಸಾರ್, ನಮ್ಮ ಪುಣ್ಯ," ಎಂದರು.

ಬಾಗಿಲ ಬಳಿ ಖಸೋವಾ ನಿಂತಿದ್ದಳು. ಬೆಳಗಿನ ಆ ಮೊಟ್ಟೆಯನ್ನು ಬೇಯಿಸಿ, ಒಂದನೇ ತರಗತಿಯವರಿಗೆಲ್ಲ ಒಂದೊಂದು ಚೂರಾದರೂ ಸಿಗಲೆಂದು ದಾರದಿಂದ ಕುಯ್ಯುತ್ತಿದ್ದಳು. ಕೈ ನಿಲ್ಲಿಸಿ ತಲೆಯೆತ್ತಿದಳು.

"ಮೇಷ್ಟ್ರೇ, ಒಂದು ಕೋಳಿಗೆ ಕಂದನಕಾಯಿ ಒಂದೇ."