ಯಂಕಮ್ಮನ ಹೊಲದ ದಾಹ

"ಥೂ! ಕಾಲುವಿ ತಗ್ಗಿನಾಗ ಇಟ್ಟೀಯಲ್ಲ ತಂಗಿ! ನೀರೇನು ಏಣಿ ಹಚ್ಚಿ ಹೊಲಕ್ಕ ಹತ್ತಬೇಕೇನು?"

ಯಂಕಮ್ಮ ಅಂಗಳದ ಮಣ್ಣಿನ ಕಾಲುವೆಯನ್ನು ಒಂದೇ ಏಟಿಗೆ ಕೆಡವಿದಳು. ಅದನ್ನು ಕಟ್ಟಿದ್ದ ಕೃಷಿ ಕಾಲೇಜಿನ ಗೌಹರಬೇಗಂ ಹಿಗ್ಗಿಹೋದಳು. ಯಾವ ಹೊಲಕ್ಕೆ ಎಷ್ಟು ನೀರೆಂದು ರೈತರಿಗೆ ಹೇಳುವ ಕಂಪ್ಯೂಟರಿಗೆ, ನೀರು ಹಾಯಿಸುವುದರಲ್ಲಿ ಹೆಸರಾದ ಯಂಕಮ್ಮನ ತಿಳಿವಳಿಕೆ ತುಂಬಲು ಆಕೆ ಕಕ್ಕೇರಾಕ್ಕೆ ಬಂದಿದ್ದಳು. ಮೂರು ದಿನ ಕೇಳಿದ ಪ್ರಶ್ನೆ ಎರಡು ಬಂಡಿಗಾಗುವಷ್ಟು, ಸಿಕ್ಕ ಉತ್ತರ ಒಂದೇ: "ನೋಡಿದ್ರ ಗೊತ್ತಾಗ್ತದ." ಅದಕ್ಕೇ ಇವತ್ತು ಹೊಲ-ಕಾಲುವೆಯ ಈ ಮಣ್ಣಿನ ಮಾದರಿ; ಅದು ಕೊನೆಗೂ ಯಂಕಮ್ಮನ ಬಾಯಿ ಬಿಡಿಸಿತ್ತು.

ಕಟ್ಟೆಯ ಮೇಲೆ ಪಕ್ಕದ ಹೊಲದ ಕರೆಮ್ಮ ಕೂತಿದ್ದಳು. ಎರಡು ವರ್ಷದಿಂದ ಅವಳ ನೆಲ ಸವಳು ಹತ್ತಿ ಉಪ್ಪು ಸುರಿದಂತೆ ಬೆಳ್ಳಗಾಗಿತ್ತು. ಈ ಸಲವೂ ಭತ್ತ ಏಳದಿದ್ದರೆ ಸೈದಾಪುರದ ಕಡೆ ಫ್ಯಾಕ್ಟರಿ ಕೂಲಿಯೇ ಗತಿ.

"ಮೇಡಮ್ಮಾ, ನಿಮ್ಮ ಕಂಪ್ಯೂಟರ್ ನನ್ನ ಹೊಲದ ರೋಗ ಹೇಳ್ತದೇನ್ರಿ?"

"ಅದ್ಯಾಕ ಬೇಕು? ನಾನೇ ಹೇಳ್ತೀನಿ," ಎಂದಳು ಯಂಕಮ್ಮ. "ಸೂರ್ಯ ನೆತ್ತಿಗಿ ಬಂದ್ಮ್ಯಾಲ ನೀ ಏಳ್ತಿ. ಅದೇ ರೋಗ."

ಮಾದರಿಯನ್ನು ಮತ್ತೆ ಕಟ್ಟುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಮೇಲೆ ಕಾಲುವೆ, ಕೆಳಗೆ ತನ್ನ ಹೊಲ, ಇನ್ನೂ ಕೆಳಗೆ ಕರೆಮ್ಮನದು. ಆಮೇಲೆ ಎದ್ದು ಹೋಗಿ ಒಂದು ಬುಟ್ಟಿ ಮರಳು ತಂದು ತನ್ನ ಹೊಲದ ಅಡಿಗೆ ತುಂಬಿದಳು.

"ಮರಳು ಯಾಕವ್ವಾ?" ಗೌಹರಬೇಗಂ ಕೇಳಿದಳು.

"ಬಾವಿ ತೋಡಿದಾಗ ಕಂಡೀನಿ, ನನ್ನ ಹೊಲದ ಕೆಳಗ ಬರೇ ಮರಳು. ಕೃಷ್ಣಾ ಹೊಳಿ ಪೂರಾ ಕುಡಿಸಿದ್ರೂ ಅದರ ದಾಹ ಹೋಗಂಗಿಲ್ಲ. ಕಾಲುವಿ ತೂಬು ಹಗಲೂ ರಾತ್ರಿ ತೆರದೇ ಇಡ್ತೀನಿ."

"ಮೂರು ದಿನ ಇದನ್ನ್ಯಾಕ ಹೇಳ್ಲಿಲ್ಲ?"

"ನೀ ಎಲ್ಲಿ ಕೇಳಿದಿ?"

ಯಂಕಮ್ಮ ತನ್ನ ಪುಟ್ಟ ಹೊಲಕ್ಕೆ ಒಂದು ಕೊಡ ನೀರು ಸುರಿದಳು. ನೀರು ಮಾಯ. "ನೋಡ್ದೇನು! ಏಳು ಆನಿ ಕುಡದಂಗ!" ಎಂದು ಚಪ್ಪಾಳೆ ತಟ್ಟಿದಳು. ಗೌಹರಬೇಗಂಳ ಪೆನ್ನು ಕುದುರೆಯಂತೆ ಓಡಿತು.

ಕರೆಮ್ಮ ಮಾತ್ರ ಕಟ್ಟೆಯಿಂದ ಇಳಿದು ಬಂದು ಮಾದರಿಯಲ್ಲಿನ ತನ್ನ ಹೊಲಕ್ಕೆ ಬೆರಳು ಒತ್ತಿದಳು. ಬೆರಳಿನ ಗುರುತಿನಲ್ಲಿ ನೀರು ಒಸರಿ ನಿಂತಿತು.

"ಯಂಕವ್ವಾ, ಇದಕ್ಕ ನೀ ಹನಿ ನೀರೂ ಹಾಕಿಲ್ಲಲ್ಲ."

ಚಪ್ಪಾಳೆ ನಿಂತಿತು. ಪೆನ್ನೂ ನಿಂತಿತು.

"ಇದನ್ನೂ ಬರೀಲೇನವ್ವಾ?"

"ಬರಿ. ನನ್ನ ನೀರೇ ಈಕಿ ಹೊಲಕ್ಕ ಸವಳು ತಂದದ ಅಂತ ದಪ್ಪ ಅಕ್ಷರದಾಗ ಬರಿ." ಯಂಕಮ್ಮ ಮೂಲೆಯ ಸಲಿಕೆ ಹೆಗಲಿಗೇರಿಸಿದಳು. "ನಡಿ ಕರೆಮ್ಮಾ. ತೂಬಿಗಿ ಮಣ್ಣ ಹಾಕಿ ಮುಚ್ಚೋದು ಆ ಕಂಪ್ಯೂಟರ್ ಡಬ್ಬಿಗಿ ಬರಂಗಿಲ್ಲ."